ಎಲೆಯ ಅಂಚು ಹಳದಿಯಾದರೆ ಎಪ್ಸಮ್ ಸಾಲ್ಟ್ ಹಾಕಬೇಕಾ? ಮೊದಲು ನಿಮ್ಮ ಮನೆಯ ನೀರು ನೋಡಿ

ಹರಿದಾಡುತ್ತಿರುವ ಸಂದೇಶಗಳು

“ಮನೆಯೊಳಗಿನ ಗಿಡದ ಎಲೆ ಅಂಚು ಹಳದಿಯಾಗುತ್ತಿದೆಯಾ? ಒಂದು ಚಮಚ ಎಪ್ಸಮ್ ಸಾಲ್ಟ್ ಹಾಕಿ, ಮೂರೇ ದಿನದಲ್ಲಿ ಹಸಿರು!” ಇದು ಒಂದು ಬಗೆಯ ಫಾರ್ವರ್ಡ್. “ಮನಿ ಪ್ಲಾಂಟ್ ಹಳದಿಯಾದರೆ ದುಡ್ಡು ಹೋಗುತ್ತದೆ, ತುಳಸಿ ಒಣಗಿದರೆ ಮನೆಗೆ ಕೇಡು” ಎನ್ನುವುದು ಇನ್ನೊಂದು ಬಗೆ. ಎರಡನ್ನೂ ನೀವು ಕುಟುಂಬದ ಗ್ರೂಪ್‌ನಲ್ಲಿ ನೋಡಿಯೇ ಇರುತ್ತೀರಿ.

ಚುಟುಕಾಗಿ ಉತ್ತರ

ಎಲೆಯ ಅಂಚು ಹಳದಿಯಾಗುವುದು ಒಂದು ಲಕ್ಷಣ ಮಾತ್ರ. ಜ್ವರದ ಹಾಗೆ, ಅದಕ್ಕೆ ಕಾರಣ ಹಲವು. ಬೆಂಗಳೂರಿನ ಮನೆಗಳಲ್ಲಿ ಹೆಚ್ಚಾಗಿ ಗಮನಕ್ಕೆ ಬಾರದ ಕಾರಣವೆಂದರೆ ನೀರಿನಲ್ಲಿರುವ ಲವಣ ಕುಂಡದ ಮಣ್ಣಿನಲ್ಲಿ ಕೂಡಿಕೊಳ್ಳುವುದು. ಅಂಥ ಕುಂಡಕ್ಕೆ ಎಪ್ಸಮ್ ಸಾಲ್ಟ್ ಹಾಕುವುದೆಂದರೆ ಉಪ್ಪಿನ ಮೇಲೆ ಉಪ್ಪು ಸುರಿದಂತೆ. ಗಿಡಕ್ಕೂ ಶಕುನಕ್ಕೂ ಸಂಬಂಧವಿಲ್ಲ.

ಈ ಲೇಖನ ಯಾಕೆ?

ರಾಜಾಜಿನಗರದ ನಮ್ಮ ಮನೆಯಲ್ಲಿ ಒಂದು ಬೇಸಿಗೆಯಲ್ಲಿ ಹೀಗಾಯಿತು. ಅಣ್ಣನ ಮದುವೆಯಾಗಿ ಮೂರು ತಿಂಗಳಾಗಿತ್ತು. ಹಾಲ್‌ನ ಮನಿ ಪ್ಲಾಂಟ್‌ನ ಎಲೆ ಅಂಚುಗಳು ಹಳದಿಯಾಗಿ ಆಮೇಲೆ ಕಂದಾದವು. ಬಾಲ್ಕನಿಯ ತುಳಸಿಯೂ ಸೊರಗಿತು. ಅದೇ ವಾರ ಗ್ರೂಪ್‌ಗೆ “ಸೊಸೆ ಕಾಲಿಟ್ಟ ಮೇಲೆ ತುಳಸಿ ಒಣಗಿದರೆ” ಎಂದು ಶುರುವಾಗುವ ಸಂದೇಶ ಬಂತು. ಯಾರೂ ಬಾಯಿಬಿಟ್ಟು ಏನೂ ಅನ್ನಲಿಲ್ಲ. ಆದರೆ ಅತ್ತಿಗೆ ಅದನ್ನು ಓದಿದ್ದರು. ಮರುದಿನದಿಂದ ಅವರು ಗಿಡಗಳಿಗೆ ನೀರು ಹಾಕುವುದನ್ನೇ ಬಿಟ್ಟರು.

ಆಮೇಲೆ ಕೂತು ಲೆಕ್ಕ ಹಾಕಿದಾಗ ಹೊಳೆದದ್ದು ಇಷ್ಟು: ಎಲೆ ಕೆಡಲು ಶುರುವಾದದ್ದು ಅತ್ತಿಗೆ ಬಂದಾಗ ಅಲ್ಲ, ಕಾವೇರಿ ನೀರು ಕಡಿಮೆಯಾಗಿ ನಮ್ಮ ಸಂಪಿಗೆ ಟ್ಯಾಂಕರ್ ನೀರು ತುಂಬಿಸಲು ಶುರುಮಾಡಿದಾಗ.

ಅಂಚೇ ಮೊದಲು ಯಾಕೆ ಕೆಡುತ್ತದೆ?

ಬೇರು ಹೀರಿದ ನೀರು ಕಾಂಡದ ಮೂಲಕ ಎಲೆಗೆ ಬಂದು, ಎಲೆಯ ಸಣ್ಣ ರಂಧ್ರಗಳಿಂದ ಆವಿಯಾಗಿ ಹೋಗುತ್ತದೆ. ಇದೇ ಬಾಷ್ಪವಿಸರ್ಜನೆ. ಆವಿಯಾಗುವುದು ನೀರು ಮಾತ್ರ. ಅದರಲ್ಲಿ ಕರಗಿದ್ದ ಸೋಡಿಯಂ, ಕ್ಲೋರೈಡ್, ಫ್ಲೋರೈಡ್ ಎಲೆಯಲ್ಲೇ ಉಳಿಯುತ್ತವೆ. ನರಗಳ ಕೊನೆ ಇರುವುದು ಎಲೆಯ ತುದಿ ಮತ್ತು ಅಂಚಿನಲ್ಲಿ. ಹಾಗಾಗಿ ಲವಣ ಹೆಚ್ಚಾಗಿ ಸೇರುವುದೂ ಅಲ್ಲೇ. ನೀರು ಕಾಯಿಸಿದ ಪಾತ್ರೆಯ ಒಳಗೆ ಬಿಳಿ ಕಲೆ ಕೂರುವುದನ್ನು ನೆನಪಿಸಿಕೊಳ್ಳಿ.

ಮಣ್ಣಿನಲ್ಲೂ ಇದೇ ಕಥೆ. ಹೊರಗಿನ ನೆಲದಲ್ಲಿ ಜೋರು ಮಳೆ ಲವಣವನ್ನು ಬೇರಿನಿಂದ ಕೆಳಗೆ ತೊಳೆದುಕೊಂಡು ಹೋಗುತ್ತದೆ. ಮನೆಯೊಳಗಿನ ಕುಂಡಕ್ಕೆ ಮಳೆ ಇಲ್ಲ. ತಟ್ಟೆ ತುಂಬಿ ನೆಲ ಒದ್ದೆಯಾಗುತ್ತದೆ ಎಂದು ನಾವು ಸ್ವಲ್ಪ ಸ್ವಲ್ಪವೇ ನೀರು ಹಾಕುತ್ತೇವೆ. ಲವಣ ಒಳಗೆ ಬರುತ್ತಲೇ ಇರುತ್ತದೆ, ಹೊರಗೆ ಹೋಗುವ ದಾರಿ ಇರುವುದಿಲ್ಲ.

ಪತ್ತೆ ಹಚ್ಚುವುದು ಹೇಗೆ?

ಮೊದಲು ನೋಡಬೇಕಾದದ್ದು: ಕೆಟ್ಟಿರುವುದು ಹಳೆಯ ಎಲೆಯೋ, ಹೊಸ ಎಲೆಯೋ? ಸಾರಜನಕ, ಪೊಟ್ಯಾಸಿಯಂ, ಮೆಗ್ನೀಸಿಯಂ ಕಡಿಮೆಯಾದಾಗ ಗಿಡ ಅವನ್ನು ಹಳೆಯ ಎಲೆಗಳಿಂದ ಎಳೆದು ಹೊಸ ಚಿಗುರಿಗೆ ಕೊಡುತ್ತದೆ. ಆದ್ದರಿಂದ ಕೆಳಗಿನ ಹಳೆಯ ಎಲೆ ಮೊದಲು ಹಳದಿಯಾಗುತ್ತದೆ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಹಾಗೆ ಸುಲಭವಾಗಿ ಜಾಗ ಬದಲಿಸುವುದಿಲ್ಲ. ಅವು ಕಡಿಮೆಯಾದರೆ ಪೆಟ್ಟು ಹೊಸ ಎಲೆಗೆ.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಕೆಳಗಿನ ಪಟ್ಟಿ ನೋಡಿ.

- ಅಂಚು ಮತ್ತು ತುದಿ ಕಂದಾಗಿ ಸುಟ್ಟಂತಿದೆ, ಪಕ್ಕದಲ್ಲಿ ತೆಳುವಾದ ಹಳದಿ ಗೆರೆ ಇದೆ, ಮಣ್ಣಿನ ಮೇಲೆ ಅಥವಾ ಕುಂಡದ ಹೊರಮೈಯಲ್ಲಿ ಬಿಳಿ ಪುಡಿ ಕೂತಿದೆ: ಲವಣ ಹೆಚ್ಚಾಗಿರುವ ಸಾಧ್ಯತೆ ದೊಡ್ಡದು.

- ಹಳೆಯ ಎಲೆಗಳ ಅಂಚು ಹಳದಿ, ಬಿಳಿ ಪುಡಿ ಇಲ್ಲ, ವರ್ಷವಾದರೂ ಗೊಬ್ಬರ ಹಾಕಿಲ್ಲ: ಪೊಟ್ಯಾಸಿಯಂ ಕೊರತೆ ಇರಬಹುದು. ನೋಡಲು ಇದು ಲವಣದ ಸುಡುವಿಕೆಯಂತೆಯೇ ಇರುತ್ತದೆ. ವ್ಯತ್ಯಾಸ ಹೇಳುವುದು ಕುಂಡದ ಇತಿಹಾಸ.

- ಹಳೆಯ ಎಲೆಯಲ್ಲಿ ನರಗಳು ಹಸಿರು, ನಡುವಿನ ಭಾಗ ಅಂಚಿನಿಂದ ಒಳಕ್ಕೆ ಹಳದಿ: ಮೆಗ್ನೀಸಿಯಂ ಕೊರತೆ. ಎಪ್ಸಮ್ ಸಾಲ್ಟ್ ಕೆಲಸಕ್ಕೆ ಬರುವುದು ಈ ಒಂದು ಸಂದರ್ಭದಲ್ಲಿ.

- ಹೊಸ ಎಲೆಯಲ್ಲಿ ನರಗಳು ಹಸಿರು, ಉಳಿದದ್ದು ಹಳದಿ: ಕಬ್ಬಿಣ ಸಿಗುತ್ತಿಲ್ಲ. ಗಡಸು ನೀರು ಮಣ್ಣನ್ನು ಕ್ಷಾರೀಯವಾಗಿಸಿದರೆ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಹೀರಲು ಆಗುವುದಿಲ್ಲ.

- ಕೆಳಗಿನ ಎಲೆಗಳು ಇಡಿಯಾಗಿ ಹಳದಿ, ಮೆತ್ತಗೆ, ಮಣ್ಣು ಸದಾ ಒದ್ದೆ: ನೀರು ಹೆಚ್ಚಾಗಿ ಬೇರಿಗೆ ಗಾಳಿ ಸಿಗುತ್ತಿಲ್ಲ.

- ಎಲೆಯ ಮೇಲೆ ಸೂಜಿಮೊನೆಯಂಥ ಹಳದಿ ಚುಕ್ಕೆ, ಅಡಿಯಲ್ಲಿ ತೆಳ್ಳನೆ ಬಲೆ: ಜೇಡನುಸಿ. ಒಣ ಹವೆಯ ಬೇಸಿಗೆಯಲ್ಲಿ ಹೆಚ್ಚು.

- ತಿಂಗಳಿಗೊಂದು ಎಲೆ, ಅದೂ ಎಲ್ಲಕ್ಕಿಂತ ಕೆಳಗಿನದು, ಹಳದಿಯಾಗಿ ಉದುರುತ್ತಿದೆ: ವಯಸ್ಸಾಗಿದೆ, ಅಷ್ಟೇ.

ಸ್ಪೈಡರ್ ಪ್ಲಾಂಟ್ ಮತ್ತು ಡ್ರಸೀನಾ ಜಾತಿಯ ಗಿಡಗಳು ಫ್ಲೋರೈಡ್‌ಗೆ ಬಲು ಸೂಕ್ಷ್ಮ. ಬೇರೆ ಗಿಡ ಚೆನ್ನಾಗಿದ್ದು ಇವುಗಳ ತುದಿ ಮಾತ್ರ ಕಂದಾಗಿದ್ದರೆ ಅನುಮಾನ ನೀರಿನ ಮೇಲೆಯೇ ಇರಲಿ.

ಒಂದೇ ನಲ್ಲಿ, ಹಲವು ನೀರು

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರದ ಎಷ್ಟೋ ಮನೆಗಳಲ್ಲಿ ಸಂಪಿಗೆ ಕಾವೇರಿ ನೀರೂ ಬರುತ್ತದೆ, ಬೋರ್‌ವೆಲ್ ನೀರೂ ಬರುತ್ತದೆ, ಬೇಸಿಗೆಯಲ್ಲಿ ಟ್ಯಾಂಕರೂ ಬರುತ್ತದೆ. ನಲ್ಲಿ ಒಂದೇ ಆದರೂ ಗಿಡಕ್ಕೆ ಸಿಗುವ ನೀರು ಬೇರೆ ಬೇರೆ. ಬಂಡೆಯ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತಿದ್ದ ಬೋರ್‌ವೆಲ್ ನೀರಿನಲ್ಲಿ ಸಾಮಾನ್ಯವಾಗಿ ನದಿ ನೀರಿಗಿಂತ ಹೆಚ್ಚು ಲವಣ ಕರಗಿರುತ್ತದೆ.

ನೀರಿನಲ್ಲಿ ಕರಗಿದ ಒಟ್ಟು ಲವಣವನ್ನು ಟಿಡಿಎಸ್ ಎನ್ನುತ್ತೇವೆ. ಭಾರತೀಯ ಮಾನಕ ಬ್ಯೂರೋ ಕುಡಿಯುವ ನೀರಿಗೆ ಇಟ್ಟಿರುವ ಅಪೇಕ್ಷಿತ ಮಿತಿ ಲೀಟರಿಗೆ 500 ಮಿಲಿಗ್ರಾಂ, ಬೇರೆ ನೀರೇ ಸಿಗದಿದ್ದಾಗ 2,000. ಬೆಳೆಗಳ ವಿಷಯದಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಮಾರ್ಗಸೂಚಿ 450ಕ್ಕಿಂತ ಕಡಿಮೆ ಇದ್ದರೆ ತೊಂದರೆ ಇಲ್ಲ ಎನ್ನುತ್ತದೆ. 450ರಿಂದ 2,000ದವರೆಗೆ ಎಚ್ಚರಿಕೆ ಬೇಕು. ಇದು ಹೊಲದ ಲೆಕ್ಕ. ಅಂಗೈಯಗಲದ ಕುಂಡದಲ್ಲಿ ಲವಣ ಬೇಗ ಕೂಡಿಕೊಳ್ಳುತ್ತದೆ.

ಎಷ್ಟು ಬೇಗ? 800 ಟಿಡಿಎಸ್‌ನ ನೀರನ್ನು ದಿನಕ್ಕೆ ಒಂದು ಲೋಟ, ಅಂದರೆ 200 ಮಿಲಿಲೀಟರ್ ಹಾಕುತ್ತೀರಿ ಎಂದುಕೊಳ್ಳಿ. ದಿನಕ್ಕೆ 160 ಮಿಲಿಗ್ರಾಂ ಲವಣ ಒಳಗೆ ಹೋಯಿತು. ಕೆಳಗಿನಿಂದ ನೀರು ಹರಿದುಹೋಗದಿದ್ದರೆ ಮೂವತ್ತು ದಿನಕ್ಕೆ 4.8 ಗ್ರಾಂ. ಹೆಚ್ಚುಕಡಿಮೆ ಒಂದು ಟೀ ಚಮಚ.

ಆರ್‌ಓ ವೇಸ್ಟ್ ನೀರು ಹಾಕಬಹುದಾ?

2024ರ ಮಾರ್ಚ್‌ನಲ್ಲಿ ನಗರದಲ್ಲಿ ನೀರಿನ ಅಭಾವ ತೀವ್ರವಾದಾಗ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ, ವಾಹನ ತೊಳೆಯಲು ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಘೋಷಿಸಿತು. ಇಂಥ ಹೊತ್ತಿನಲ್ಲಿ ಆರ್‌ಓ ಯಂತ್ರದ ಪೈಪಿನಿಂದ ಹೊರಹೋಗುವ ನೀರನ್ನು ಗಿಡಕ್ಕೆ ಹಾಕುವುದು ಒಳ್ಳೆಯ ಆಲೋಚನೆಯೇ. ಆದರೆ ಒಂದು ಷರತ್ತಿದೆ.

ಆರ್‌ಓ ಲವಣವನ್ನು ಮಾಯ ಮಾಡುವುದಿಲ್ಲ, ವೇಸ್ಟ್ ನೀರಿಗೆ ತಳ್ಳುತ್ತದೆ. ಉದಾಹರಣೆಗೆ, ಒಳಗೆ ಹೋಗುವ ನೀರು 600 ಟಿಡಿಎಸ್, ನಾಲ್ಕು ಲೀಟರಿಗೆ ಒಂದು ಲೀಟರ್ ಕುಡಿಯಲು ಸಿಕ್ಕಿತು, ಅದರ ಟಿಡಿಎಸ್ 50 ಎಂದುಕೊಳ್ಳಿ. ಉಳಿದ ಮೂರು ಲೀಟರಿನ ಟಿಡಿಎಸ್ ಸುಮಾರು 780 ಆಗುತ್ತದೆ. ಎರಡು ಲೀಟರಿಗೆ ಒಂದು ಲೀಟರ್ ಕೊಡುವ ಯಂತ್ರವಾದರೆ ವೇಸ್ಟ್ ನೀರು 1,150 ಮುಟ್ಟುತ್ತದೆ. ಅದೇ ಒಳಬರುವ ನೀರು 200 ಆಗಿದ್ದರೆ ಮೊದಲ ಯಂತ್ರದ ವೇಸ್ಟ್ ನೀರು ಸುಮಾರು 250 ಮಾತ್ರ. ಗಿಡಕ್ಕೆ ಧಾರಾಳವಾಗಿ ಹಾಕಬಹುದು.

ಅಂದರೆ ಪ್ರಶ್ನೆ ಆರ್‌ಓ ವೇಸ್ಟ್ ಒಳ್ಳೆಯದೋ ಕೆಟ್ಟದ್ದೋ ಎಂಬುದಲ್ಲ. ಒಳಗೆ ಯಾವ ನೀರು ಹೋಗುತ್ತಿದೆ ಎಂಬುದು. ಆರ್‌ಓ ಸರ್ವಿಸ್‌ಗೆ ಬರುವವರ ಬಳಿ ಪೆನ್ನಿನಂಥ ಟಿಡಿಎಸ್ ಮೀಟರ್ ಇರುತ್ತದೆ. ನಲ್ಲಿ ನೀರು, ವೇಸ್ಟ್ ನೀರು ಎರಡನ್ನೂ ಅಳೆಯಲು ಹೇಳಿ. ಟಿಡಿಎಸ್ ಹೆಚ್ಚಿದ್ದರೆ ಆ ನೀರು ನೆಲ ಒರೆಸಲು, ಟಾಯ್ಲೆಟ್‌ಗೆ ಇರಲಿ.

ಅಪಾರ್ಟ್‌ಮೆಂಟ್‌ಗಳಲ್ಲಿ ಇನ್ನೊಂದು ವಿಷಯ. ವಾಟರ್ ಸಾಫ್ಟ್‌ನರ್ ಗಡಸುತನ ತೆಗೆಯುವುದು ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಗದಲ್ಲಿ ಸೋಡಿಯಂ ತುಂಬಿ. ಬಟ್ಟೆಗೆ, ಗೀಸರ್‌ಗೆ ಅದು ಹಿತ. ಗಿಡಕ್ಕೆ ಗಡಸು ನೀರಿಗಿಂತಲೂ ಕೆಟ್ಟದ್ದು.

ಫಾರ್ವರ್ಡ್ ಮದ್ದುಗಳು: ಯಾವುದು ಎಷ್ಟು ನಿಜ?

ಎಪ್ಸಮ್ ಸಾಲ್ಟ್: ಇದು ಮೆಗ್ನೀಸಿಯಂ ಸಲ್ಫೇಟ್. ಮೆಗ್ನೀಸಿಯಂ ಕೊರತೆ ಇದ್ದರೆ ಮಾತ್ರ ಉಪಯೋಗ. ಗಡಸು ನೀರಿನಲ್ಲಿ ಸಾಮಾನ್ಯವಾಗಿ ಮೆಗ್ನೀಸಿಯಂ ಈಗಾಗಲೇ ಇರುತ್ತದೆ.

ಮೊಟ್ಟೆ ಚಿಪ್ಪು: ಕ್ಯಾಲ್ಸಿಯಂ ಇದೆ, ಆದರೆ ಕರಗಲು ಬಹಳ ಕಾಲ ಬೇಕು. ಕ್ಯಾಲ್ಸಿಯಂ ಕೊರತೆ ಕಾಣುವುದು ಹೊಸ ಎಲೆಯಲ್ಲಿ. ಹಳೆಯ ಎಲೆಯ ಹಳದಿ ಅಂಚಿಗೆ ಇದು ಮದ್ದಲ್ಲ.

ಬಾಳೆಹಣ್ಣಿನ ಸಿಪ್ಪೆ ನೆನೆಸಿದ ನೀರು: ಸ್ವಲ್ಪ ಪೊಟ್ಯಾಸಿಯಂ ಸಿಗುತ್ತದೆ, ಜೊತೆಗೆ ಗುಂಗುರು ನೊಣವೂ ಬರುತ್ತದೆ. ಸಿಪ್ಪೆಯನ್ನು ಕಾಂಪೋಸ್ಟ್ ಮಾಡಿ ಹಾಕುವುದು ಮೇಲು.

ಅಕ್ಕಿ ತೊಳೆದ ನೀರು: ಆಗಾಗ ಹಾಕಿದರೆ ತೊಂದರೆ ಇಲ್ಲ. ಅನ್ನ ಬಸಿದ ಗಂಜಿಗೆ ಉಪ್ಪು ಹಾಕಿದ್ದರೆ ಬೇಡ.

ಕುಡಿದು ಉಳಿದ ಟೀ ಚರಟ: ಹಾಲು, ಸಕ್ಕರೆ ಇರುವುದರಿಂದ ಇರುವೆ, ಬೂಷ್ಟು ಬರುತ್ತದೆ. ತೊಳೆದು ಒಣಗಿಸಿ ಕಾಂಪೋಸ್ಟ್‌ಗೆ ಹಾಕಿ.

ನೀರನ್ನು ಕುದಿಸುವುದು ಅಥವಾ ರಾತ್ರಿಯಿಡೀ ತೆರೆದಿಡುವುದು: ತೆರೆದಿಟ್ಟರೆ ಕ್ಲೋರಿನ್ ಹೋಗುತ್ತದೆ, ಆದರೆ ಲವಣ ಹೋಗುವುದಿಲ್ಲ. ಕುದಿಸಿದರೆ ಗಡಸುತನ ಸ್ವಲ್ಪ ತಳಕ್ಕೆ ಕೂರಬಹುದು, ಆದರೆ ಸೋಡಿಯಂ, ಕ್ಲೋರೈಡ್, ಫ್ಲೋರೈಡ್ ಹಾಗೇ ಉಳಿದು ನೀರು ಇನ್ನಷ್ಟು ಗಟ್ಟಿಯಾಗುತ್ತದೆ.

ಹಾಗಾದರೆ ಏನು ಮಾಡಬೇಕು?

1. ಏನನ್ನೂ ಹಾಕಬೇಡಿ. ಒಂದು ತಿಂಗಳು ಗೊಬ್ಬರ, ಮನೆಮದ್ದು ಎರಡನ್ನೂ ನಿಲ್ಲಿಸಿ.

2. ಬೆರಳನ್ನು ಎರಡು ಗೆಣ್ಣು ಮಣ್ಣಿಗೆ ಇಳಿಸಿ ನೋಡಿ. ಒದ್ದೆ ಇದ್ದರೆ ನೀರು ಬೇಡ. ಬರೀ ಕೆಮ್ಮಣ್ಣು ತುಂಬಿದ ಕುಂಡ ಗಟ್ಟಿಯಾಗಿ ಮೇಲೆ ಒಣಗಿದಂತೆ ಕಂಡರೂ ಒಳಗೆ ಕೆಸರಾಗಿರಬಹುದು.

3. ಕುಂಡದ ತೂತು ತೆರೆದಿದೆಯೇ ನೋಡಿ. ಮೇಲಿನ ಬಿಳಿ ಪದರವನ್ನು ಒಂದು ಬೆರಳಿನಷ್ಟು ಕೆರೆದು ತೆಗೆಯಿರಿ.

4. ಕುಂಡವನ್ನು ಬಚ್ಚಲಿಗೆ ಒಯ್ದು ಮಣ್ಣು ತೊಳೆಯಿರಿ. ಎರಡು ಲೀಟರಿನ ಕುಂಡಕ್ಕೆ ನಾಲ್ಕರಿಂದ ಆರು ಲೀಟರ್ ಲವಣ ಕಡಿಮೆ ಇರುವ ನೀರನ್ನು ನಿಧಾನವಾಗಿ ಸುರಿದು ಪೂರ್ತಿ ಬಸಿಯಲು ಬಿಡಿ. ಬಸಿದ ನೀರನ್ನು ಬಕೆಟ್‌ನಲ್ಲಿ ಹಿಡಿದು ನೆಲ ಒರೆಸಲು ಬಳಸಿ.

5. ಈ ಕೆಲಸಕ್ಕೆ ಮಳೆ ನೀರಿಗಿಂತ ಒಳ್ಳೆಯದು ಇಲ್ಲ. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಮಳೆ ಬಂದ ಸಂಜೆ ಕುಂಡಗಳನ್ನು ಬಾಲ್ಕನಿಯ ಅಂಚಿಗೆ ಇಡಿ. ಟೆರೇಸಿನ ಮಳೆಕೊಯ್ಲಿನ ಡ್ರಮ್ ಇದ್ದರೆ ಬೇಸಿಗೆಗೆ ಒಂದಷ್ಟು ಉಳಿಸಿ.

6. ಬೇರು ಕಪ್ಪಾಗಿ ವಾಸನೆ ಬರುತ್ತಿದ್ದರೆ ಕೊಳೆತದ್ದನ್ನು ಕತ್ತರಿಸಿ ಹೊಸ ಮಣ್ಣಿಗೆ ಬದಲಿಸಿ. ಕೋಕೋಪೀಟ್ ಬಳಸುವುದಾದರೆ ನೆನೆಸಿ, ಎರಡು ಮೂರು ಸಲ ಹಿಂಡಿ ತೊಳೆಯಿರಿ. ತೊಳೆಯದ ಕೋಕೋಪೀಟ್‌ನಲ್ಲೂ ಲವಣ ಇರುತ್ತದೆ.

ಕಂದಾದ ಅಂಚು ಮತ್ತೆ ಹಸಿರಾಗುವುದಿಲ್ಲ. “ಮೂರೇ ದಿನ” ಎನ್ನುವ ಯಾವ ಸಂದೇಶವೂ ಇದೊಂದೇ ಕಾರಣಕ್ಕೆ ಸುಳ್ಳು. ನೋಡಬೇಕಾದದ್ದು ಮುಂದಿನ ಎಲೆಯನ್ನು. ಅದು ಸ್ವಚ್ಛವಾಗಿ ಬಂದರೆ ನಿಮ್ಮ ಪತ್ತೆ ಸರಿ ಎಂದರ್ಥ.

ತುಳಸಿಯ ವಿಷಯ

ತುಳಸಿ ಬಿಸಿಲಿನ ಗಿಡ. ಎದುರು ಮನೆಯ ಗೋಡೆ ಕೈಗೆಟಕುವಷ್ಟು ಹತ್ತಿರ ಇರುವ ನಮ್ಮ ಬೀದಿಗಳಲ್ಲಿ ಅದಕ್ಕೆ ಬೇಕಾದಷ್ಟು ಬಿಸಿಲು ಸಿಗುವುದೇ ಕಷ್ಟ. ಬೆಳಕು ಕಡಿಮೆ ಇದ್ದರೆ ಅದು ಕುಡಿಯುವ ನೀರೂ ಕಡಿಮೆ. ಪೂಜೆಗೆಂದು ದಿನವೂ ಒಂದು ಚೊಂಬು ನೀರು ಬಿದ್ದರೆ ಬೇರು ಕೊಳೆಯುತ್ತದೆ. ಮಣ್ಣು ಒದ್ದೆ ಇರುವ ದಿನ ಒಂದು ಉದ್ಧರಣೆ ನೀರು ಸಾಕು. ಹೂವಿನ ತೆನೆ ಬಂದಂತೆ ಚಿವುಟಿದರೆ ಗಿಡ ಹೆಚ್ಚು ಕಾಲ ಹಸಿರಾಗಿರುತ್ತದೆ. ಹಾಗಿದ್ದರೂ ಎರಡು ಮೂರು ವರ್ಷಕ್ಕೆ ಕಾಂಡ ಕಟ್ಟಿಗೆಯಾಗಿ ಗಿಡ ಸೊರಗುವುದು ಸಹಜ. ಬೀಜ ಉದುರಿಸಿ ಹೊಸ ಸಸಿ ಎಬ್ಬಿಸಿಕೊಳ್ಳಿ.

ಫಾರ್ವರ್ಡ್ ಮಾಡುವ ಮೊದಲು

ಎಪ್ಸಮ್ ಸಾಲ್ಟ್ ಸಂದೇಶದಿಂದ ಹೋಗುವುದು ಒಂದು ಗಿಡ. ಅಪಶಕುನದ ಸಂದೇಶ ಹಾಗಲ್ಲ. ಅದು ಮನೆಯಲ್ಲಿ ಯಾರನ್ನೋ ಬೆರಳು ಮಾಡಿ ತೋರಿಸುತ್ತದೆ. ಹೊಸದಾಗಿ ಬಂದವರನ್ನು, ಇಲ್ಲವೇ ಕೆಲಸ ಕಳೆದುಕೊಂಡವರನ್ನು, ಇಲ್ಲವೇ ಕಾಯಿಲೆ ಬಿದ್ದವರನ್ನು.

ನಮ್ಮ ಮನೆಯ ಮನಿ ಪ್ಲಾಂಟ್‌ಗೆ ಆ ಮೇ ತಿಂಗಳ ಮೊದಲ ಮಳೆಯಲ್ಲಿ ಸ್ನಾನವಾಯಿತು. ಹಳೆಯ ಎಲೆಗಳು ಹಾಗೇ ಉದುರಿದವು, ಜೂನ್‌ನಲ್ಲಿ ಬಂದ ಎಲೆಗಳ ಅಂಚು ಹಸಿರಾಗಿತ್ತು. ಅದರ ಫೋಟೋ ತೆಗೆದು, ಹಳೆಯ ಸಂದೇಶದ ಕೆಳಗೆ “ಟ್ಯಾಂಕರ್ ನೀರಿನ ತೊಂದರೆ, ಈಗ ಸರಿಹೋಗಿದೆ” ಎಂದು ಬರೆದು ಗ್ರೂಪ್‌ಗೆ ಹಾಕಿದೆ. ಈಗ ಗಿಡಗಳಿಗೆ ಮತ್ತೆ ಅತ್ತಿಗೆಯೇ ನೀರು ಹಾಕುತ್ತಾರೆ, ಬೆರಳಿಟ್ಟು ನೋಡಿ.