ಗೋವಿನ ಮೊರೆ ಮತ್ತು ಪ್ರವಾದಿ ಜರತುಷ್ಟ್ರ

ಕಾರಹುಣ್ಣಿಮೆ ಬಂತೆಂದರೆ ಮಲಪ್ರಭೆಯ ದಂಡೆಯ ಮನೋಳಿ ಸೀಮೆಯಲ್ಲಿ ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಪೂಜಿಸಿ ಹೋಳಿಗೆ ತಿನ್ನಿಸುವುದು ಒಕ್ಕಲು ಮನೆತನಗಳ ವಾಡಿಕೆ. ದುಡಿಯುವ ಜೀವಕ್ಕೆ ಮನೆಯಲ್ಲೊಂದು ಪಾಲುಂಟೆಂಬ ಈ ಭಾವವನ್ನು ಬಲ್ಲ ಸದ್ಭಕ್ತರಿಗೆ, ಪುಣ್ಯಕೋಟಿಯ ಕಥೆ ಕೇಳಿ ಬೆಳೆದವರಿಗೆ, ಪ್ರಾಚೀನ ಪರ್ಶಿಯಾದ ಒಂದು ಸ್ತೋತ್ರ ಅಪರಿಚಿತವೆನಿಸಲಾರದು.

ಆ ಸ್ತೋತ್ರದಲ್ಲಿ ಗೋವಿನ ಆತ್ಮವು ಸೃಷ್ಟಿಕರ್ತನಲ್ಲಿ ಮೊರೆಯಿಡುತ್ತದೆ. ತನ್ನನ್ನು ಯಾರಿಗಾಗಿ ಸೃಷ್ಟಿಸಿದೆಯೆಂದು ಕೇಳುತ್ತದೆ. ಸುಲಿಗೆ, ಕ್ರೌರ್ಯಗಳು ತನ್ನನ್ನು ಸುತ್ತುವರಿದಿವೆಯೆಂದು ಗೋಳಿಡುತ್ತದೆ. ರಕ್ಷಕನನ್ನು ಹುಡುಕಲಾಗಿ ಒಬ್ಬನ ಹೆಸರು ಮಾತ್ರ ಹೊರಬರುತ್ತದೆ: ಸ್ಪಿತಾಮ ವಂಶದ ಜರತುಷ್ಟ್ರ. ಗೋವು ಸಮಾಧಾನಗೊಳ್ಳುವುದಿಲ್ಲ, ಅಳುತ್ತದೆ. ಬಲಿಷ್ಠನಾದ ಅರಸನನ್ನು ಅದು ಬಯಸಿತ್ತು. ದೊರೆತವನು ಬಲವಿಲ್ಲದವನು, ಅವನಲ್ಲಿದ್ದುದು ಮಾತು ಮಾತ್ರ. ಧರ್ಮಸ್ಥಾಪಕನ ದೌರ್ಬಲ್ಯವನ್ನು ಅವನದೇ ಸ್ತೋತ್ರ ಇಷ್ಟು ನಿರ್ದಾಕ್ಷಿಣ್ಯವಾಗಿ ಹೇಳುವುದು ಧರ್ಮಗಳ ಇತಿಹಾಸದಲ್ಲಿ ವಿರಳ. ಇನ್ನೊಂದು ಸ್ತೋತ್ರದಲ್ಲಂತೂ ಬಂಧುಗಳಿಂದ ದೂರವಾಗಿ, ಎಲ್ಲಿಗೆ ಹೋಗಲೆಂದು ಅವನೇ ಪರಿತಪಿಸುತ್ತಾನೆ. ತನ್ನ ಅಶಕ್ತತೆಗೆ ಕಾರಣವನ್ನೂ ಮುಚ್ಚಿಡುವುದಿಲ್ಲ: ದನಗಳು ಕಡಿಮೆ, ಜನಬಲವೂ ಕಡಿಮೆ.

ಇವು ಗಾಥೆಗಳೆನಿಸಿಕೊಂಡ ಹದಿನೇಳು ಸ್ತೋತ್ರಗಳಲ್ಲಿ ಸೇರಿವೆ. ಅವೆಸ್ತಾದ ಯಸ್ನವೆಂಬ ಭಾಗದ 72 ಅಧ್ಯಾಯಗಳ ನಡುವೆ ಇವು ಉಳಿದುಬಂದಿವೆ. ಜರತುಷ್ಟ್ರನ ಕಾಲದ ಬಗೆಗೆ ಪಂಡಿತರಲ್ಲಿ ಒಮ್ಮತವಿಲ್ಲ. ಅಲೆಕ್ಸಾಂಡರನಿಗಿಂತ 258 ವರ್ಷ ಮೊದಲೆಂಬುದು ಒಂದು ಪರಂಪರೆ. ಗಾಥೆಗಳ ಭಾಷೆ ಋಗ್ವೇದದ ಭಾಷೆಗೆ ತೀರ ಹತ್ತಿರವಿರುವುದರಿಂದ ಕ್ರಿ.ಪೂ. 1000ಕ್ಕೂ ಹಿಂದಿನವನೆಂಬುದು ಇನ್ನೊಂದು ವಾದ. ಭಾಷೆಯ ಸಾಕ್ಷ್ಯವೇ ಹೆಚ್ಚು ನಂಬಲರ್ಹ. ಅವನ ಹೆಸರಿನ ಕೊನೆಯಲ್ಲಿರುವುದು ನಮ್ಮ 'ಉಷ್ಟ್ರ', ಎಂದರೆ ಒಂಟೆ. ತಂದೆ ಪೌರುಷಸ್ಪ, ಆಶ್ರಯವಿತ್ತ ಅರಸ ವಿಷ್ತಾಸ್ಪ. ಈ ಎರಡೂ ಹೆಸರುಗಳ 'ಅಸ್ಪ' ನಮ್ಮ 'ಅಶ್ವ'ವೇ.

ಗಾಥೆಗಳಲ್ಲಿ ಅವನು ತನ್ನನ್ನು 'ಜಓತರ್' ಎಂದರೆ ಹೋತೃ ಎಂದು ಕರೆದುಕೊಳ್ಳುತ್ತಾನೆ. ಮೂವತ್ತನೆಯ ವಯಸ್ಸಿನಲ್ಲಿ ನದಿಯಿಂದ ನೀರು ತರುವಾಗ ಅವನಿಗೆ ದರ್ಶನವಾಯಿತೆಂದೂ, ಮೊದಲ ಶಿಷ್ಯನಾದವನು ದಾಯಾದಿ ಸೋದರನೆಂದೂ, ಎಪ್ಪತ್ತೇಳನೆಯ ವಯಸ್ಸಿನಲ್ಲಿ ಹತನಾದನೆಂದೂ ಪರಂಪರೆ ಹೇಳುತ್ತದೆ. ಪುರೋಹಿತನಾಗಿದ್ದೇ ಅವನು ಪುರೋಹಿತರನ್ನು ಪ್ರಶ್ನಿಸಿದನು. ಹರ್ಷೋದ್ಗಾರದೊಡನೆ ಗೋವಿನ ಪ್ರಾಣ ತೆಗೆಯುವವರನ್ನು ಖಂಡಿಸಿದನು. ಜ್ಞಾನಸ್ವರೂಪಿ ಪ್ರಭುವಾದ ಅಹುರ ಮಜ್ದನೊಬ್ಬನೇ ಆರಾಧ್ಯನೆಂದು ಸಾರಿದನು. 'ಅಹುರ' ನಮ್ಮ 'ಅಸುರ'ನೇ, ಅವರಲ್ಲಿ 'ದಏವ'ರು ದುಷ್ಟಶಕ್ತಿಗಳು! ಋಗ್ವೇದದ ಹಳೆಯ ಭಾಗಗಳಲ್ಲಿ ವರುಣನೂ ಅಸುರನೆಂದೇ ಕೀರ್ತಿತನಾಗಿರುವುದನ್ನು ನೆನೆದರೆ ಈ ತಿರುವುಮುರುವು ಅಷ್ಟು ಬೆರಗು ಹುಟ್ಟಿಸದು.

ಸತ್ಯಕ್ಕೆ ಅವನಿಟ್ಟ ಹೆಸರು 'ಅಷ', ವೇದದ ಋತ. ಅದರ ವೈರಿ 'ದ್ರುಜ್', ಸುಳ್ಳು. ಇವೆರಡರಲ್ಲಿ ಯಾವುದನ್ನು ಆರಿಸಿಕೊಳ್ಳಬೇಕೆಂಬ ಹೊಣೆಯನ್ನು ಅವನು ಕುಲಕ್ಕಾಗಲಿ ಅರಸನಿಗಾಗಲಿ ಬಿಡಲಿಲ್ಲ. ಪ್ರತಿಯೊಬ್ಬನೂ ಕೇಳಿ, ವಿಚಾರಿಸಿ ತಾನೇ ನಿರ್ಧರಿಸಬೇಕು. ಹೆಣ್ಣಿಗೂ ಈ ವಿವೇಚನೆ ಉಂಟು: ಮಗಳು ಪೌರುಚಿಸ್ತೆಯ ಮದುವೆಯ ಸ್ತೋತ್ರದಲ್ಲಿ ವಧುಗಳಿಗೂ ವರರಿಗೂ ಉಪದೇಶ ಒಟ್ಟಿಗೇ ಸಲ್ಲುತ್ತದೆ. ಆರಿಸಿಕೊಂಡುದಕ್ಕೆ ಸಾಕ್ಷಿ ಮೂರು: ಒಳ್ಳೆಯ ಆಲೋಚನೆ, ಒಳ್ಳೆಯ ನುಡಿ, ಒಳ್ಳೆಯ ಕೃತಿ. ಜರ್ಮನಿಯ ನೀಚೆ 1883ರಿಂದ 1885ರ ನಡುವೆ ಬರೆದ ಗ್ರಂಥದ ಜರತುಷ್ಟ್ರ ಈತನಲ್ಲ. ಹೆಸರನ್ನಷ್ಟೇ ಎರವಲು ಪಡೆದ ಕಲ್ಪಿತ ಪಾತ್ರವದು.

ಅರಬರು ಪರ್ಶಿಯಾವನ್ನು ಗೆದ್ದ ಬಳಿಕ ಈ ಧರ್ಮದ ಒಂದು ಪಂಗಡ ಗುಜರಾತಿನ ಸಂಜಾಣಕ್ಕೆ ಬಂದಿಳಿಯಿತು. ಅವರೇ ಪಾರಸಿಗಳು. 2011ರ ಜನಗಣತಿಯಲ್ಲಿ ಭಾರತದ ಪಾರಸಿಗಳ ಸಂಖ್ಯೆ 57,264. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕನಸು ಕಂಡ ಜಮ್‌ಶೇಟ್‌ಜಿ ಟಾಟಾ ನವಸಾರಿಯ ಪಾರಸಿ ಪುರೋಹಿತ ಮನೆತನದವರು. ಮೈಸೂರು ಅರಸು ಮನೆತನ 371 ಎಕರೆ ಭೂಮಿಯನ್ನಿತ್ತು, ಸಂಸ್ಥೆ 1909ರಲ್ಲಿ ಸ್ಥಾಪನೆಯಾಗುವ ವೇಳೆಗೆ ಅವರು ತೀರಿಕೊಂಡು ಐದು ವರ್ಷವಾಗಿತ್ತು. ಅದೇ ನಗರದ ಕ್ವೀನ್ಸ್ ರಸ್ತೆಯಲ್ಲಿ ಪಾರಸಿಗಳ ಅಗ್ನಿಮಂದಿರ 1926ರಿಂದ ಇದೆ.

ಪಾರಸಿಗಳನ್ನು 'ಬೆಂಕಿ ಪೂಜಿಸುವವರು' ಎನ್ನುವುದು ರೂಢಿಯ ಮಾತು. ಅಂಗೈಯ ಇಷ್ಟಲಿಂಗವನ್ನು ಬರಿಯ ಕಲ್ಲೆಂದವರ ಮಾತಿನಷ್ಟೇ ಅದೂ ಅರ್ಧಂಬರ್ಧ. ಅವರಿಗೆ ಅಗ್ನಿ ಅಹುರ ಮಜ್ದನ ಬೆಳಕಿನ ಕುರುಹು. ಅದರ ಮುಂದೆ ನಿಂತು ಪ್ರಾರ್ಥಿಸುವುದು ಅವನನ್ನೇ. ದೀಕ್ಷೆಯೂ ಗಮನಾರ್ಹವಾದುದು. ನವಜೋತ್ ಎಂಬ ಆ ಸಂಸ್ಕಾರ ಗಂಡು ಹೆಣ್ಣು ಇಬ್ಬರಿಗೂ ಒಂದೇ. ಸುದ್ರೆಯೆಂಬ ಬಿಳಿಯ ಒಳಅಂಗಿ ತೊಡಿಸಿ, ಕುರಿಯ ಉಣ್ಣೆಯ 72 ಎಳೆಗಳಿಂದ ನೇಯ್ದ ಕುಸ್ತಿಯನ್ನು ಮಗುವಿನ ಸೊಂಟಕ್ಕೆ ಮೂರು ಸುತ್ತು ಸುತ್ತುತ್ತಾರೆ. ಆ ಅಂಗಿಯ ಎದೆಯ ಮೇಲೊಂದು ಪುಟ್ಟ ಕಿಸೆಯಿರುತ್ತದೆ. ಅದರಲ್ಲಿ ತುಂಬಬೇಕಾದುದು ಮಗು ಮುಂದೆ ಮಾಡುವ ಸತ್ಕೃತಿಗಳನ್ನೆಂದು ಹಿರಿಯರು ಹೇಳಿಕೊಡುತ್ತಾರೆ.