ಕಲ್ಲಿನಲ್ಲಿ ಪಟ, ಬಾಯಲ್ಲಿ ನಿಯಮ: ಆಡು ಹುಲಿ ಆಟದ ಚರಿತ್ರೆ

ಹಂಪಿಯ ದೇವಾಲಯಗಳ ಮಂಟಪಗಳಲ್ಲಿ, ಜಗಲಿಗಳಲ್ಲಿ ಕೊಂಚ ತಲೆ ತಗ್ಗಿಸಿ ನಡೆದರೆ ಹಾಸುಗಲ್ಲಿನ ಮೇಲೆ ಕೊರೆದ ಆಟದ ಪಟಗಳು ಕಣ್ಣಿಗೆ ಬೀಳುತ್ತವೆ. ಹುಲಿ ಆಟದ ತ್ರಿಕೋನ, ಸಾಲುಮನೆ ಆಟದ ಒಂದರೊಳಗೊಂದು ಕೂತ ಮೂರು ಚೌಕಗಳು, ಅಳಗುಳಿಯ ಗುಳಿಸಾಲು ಎಲ್ಲವೂ ಅಲ್ಲಿವೆ. ಆರ್. ವಸಂತ 2003ರಲ್ಲಿ ಪ್ರಕಟಿಸಿದ ಅಧ್ಯಯನದ ವಸ್ತುವೇ ವಿಜಯನಗರದ ಈ ಪಟಗಳು.

ಆದರೆ ಪಟಕ್ಕೆ ಕಾಲ ಹೇಳುವುದು ಕಷ್ಟ. ಗೆರೆ ಹಾಸುಗಲ್ಲಿಗಿಂತ ಹಳೆಯದಾಗಿರಲಾರದು ಎಂಬುದಷ್ಟೇ ಖಚಿತ. ಅದನ್ನು ಕೊರೆದವರು ಕಟ್ಟಡ ಕಟ್ಟಿದ ಕಲ್ಲುಕುಟಿಗರಿರಬಹುದು, 1565ರಲ್ಲಿ ವಿಜಯನಗರ ಪತನವಾದ ನಂತರ ಹಾಳೂರಿನಲ್ಲಿ ದನ ಮೇಯಿಸಿದ ಹುಡುಗರೂ ಇರಬಹುದು. ಈಜಿಪ್ಟಿನ ಕುರ್ನಾ ದೇವಾಲಯದ ಚಾವಣಿ ಚಪ್ಪಡಿಗಳ ಪಟಗಳನ್ನು ಹೆನ್ರಿ ಪಾರ್ಕರ್ 1909ರಲ್ಲಿ ಕಟ್ಟಡದಷ್ಟೇ ಹಳೆಯವೆಂದು ಎಣಿಸಿದ್ದ. ಅಲ್ಲೇ ಕ್ರೈಸ್ತ ಶಿಲುಬೆಯ ಗೀರುಗಳೂ ಇರುವುದರಿಂದ ಆ ಲೆಕ್ಕವನ್ನು ನಂತರದ ವಿದ್ವಾಂಸರು ಒಪ್ಪಲಿಲ್ಲ.

ಕಾಲ ಹೇಳದ ಪಟ ಬೇರೆ ಕೆಲವನ್ನು ಹೇಳುತ್ತದೆ. ಹುಲಿ ಆಟದ ಪರಿಚಿತ ಪಟದಲ್ಲಿ ತುದಿಯಿಂದ ನಾಲ್ಕು ಗೆರೆ ಕೆಳಗಿನ ಅಡ್ಡಗೆರೆಗೆ ಇಳಿಯುತ್ತವೆ. ನಡುವೆ ಮೂರು ಅಡ್ಡಗೆರೆಗಳು ಅವನ್ನು ಹಾದು ಎರಡೂ ಬದಿಗೆ ಚಾಚಿ, ತುದಿಗಳಲ್ಲಿ ಒಂದಕ್ಕೊಂದು ಕೂಡುತ್ತವೆ. ತುದಿಯ ಒಂದು, ಮೂರು ಸಾಲಿನ ಆರಾರು, ತಳದ ನಾಲ್ಕು: ಒಟ್ಟು 23 ಮನೆ. ಪಕ್ಕದ ಆಡಿನಾಚೆಯ ಮನೆ ಖಾಲಿಯಿದ್ದರೆ ಹುಲಿ ನೇರ ಗೆರೆಯಲ್ಲಿ ಹಾರಿ ಆಡನ್ನು ತಿನ್ನುತ್ತದೆ; ಆಡು ಏನನ್ನೂ ತಿನ್ನದು, ಹುಲಿಯನ್ನು ಕಟ್ಟಿಹಾಕಬೇಕಷ್ಟೆ. ಹಾಗಾಗಿ ಯಾವ ಗೆರೆಯೂ ಹಾದುಹೋಗದೆ ಬಂದು ಮುಗಿಯುವ ಮನೆಯಲ್ಲಿ ಕೂತ ಆಡಿಗೆ ಭಯವಿಲ್ಲ. ಮೇಲಿನ ತುದಿ, ತಳದ ಎರಡು ಮೂಲೆ, ಬದಿಗಳ ನಾಲ್ಕು ಮೂಲೆ, ಹೀಗೆ ಏಳು ಮನೆಗಳು ಅಂಥವು. ಪಳಗಿದ ಆಟಗಾರರು ಮೊದಲ ಆಡುಗಳನ್ನು ಮೂಲೆಗಿಡುವುದು ಇದಕ್ಕೇ.

ಗೆರೆ ಹೇಳದ ಸಂಗತಿಗಳೇ ಚರಿತ್ರೆಕಾರನಿಗೆ ತೊಡಕು. ಸಾಮಾನ್ಯ ಲೆಕ್ಕ ಮೂರು ಹುಲಿ, ಹದಿನೈದು ಆಡು. ಹುಲಿಗಳು ಮೊದಲೇ ಕೂರುವ ಪದ್ಧತಿಯೂ ಇದೆ, ಆಡಿನ ಜೊತೆ ಒಂದೊಂದಾಗಿ ಇಳಿಯುವುದೂ ಇದೆ. ಆಡುಗಳೆಲ್ಲ ಇಳಿಯುವ ಮುನ್ನವೇ ಹುಲಿ ತಿನ್ನಬಹುದೇ, ಎಷ್ಟು ತಿಂದರೆ ಗೆಲುವು ಎಂಬುದೂ ಊರಿಂದೂರಿಗೆ ಬೇರೆ.

ಕಾಯಿಯ ಲೆಕ್ಕ ಬದಲಾದರೆ ಆಟದ ಸ್ವಭಾವವೇ ಬದಲಾಗುತ್ತದೆ. ನೇಪಾಳದ ಬಾಘ್‌ಚಾಲ್‌ನಲ್ಲಿ ನಾಲ್ಕು ಹುಲಿ, ಇಪ್ಪತ್ತು ಆಡು, 25 ಮನೆ. ಒಂದು ಆಡೂ ಸಾಯದೆ ಎಲ್ಲ ಇಳಿದರೆ ಅಲ್ಲಿ ಉಳಿಯುವುದು ಒಂದೇ ಖಾಲಿ ಮನೆ, ನಮ್ಮಲ್ಲಿ ಐದು. ಇಬ್ಬರೂ ತಪ್ಪಿಲ್ಲದೆ ಆಡಿದರೆ ಬಾಘ್‌ಚಾಲ್ ಸಮ ಎಂದು ಲಿಮ್ ಯೂ ಜಿನ್ ಮತ್ತು ಯೂರ್ಗ್ ನೀವರ್‌ಗೆಲ್ಟ್ ಗಣಕದ ನೆರವಿನಿಂದ ತೋರಿಸಿದ್ದಾರೆ. ಆ ಫಲಿತಾಂಶವನ್ನು ತ್ರಿಕೋನದ ಪಟಕ್ಕೆ ಅನ್ವಯಿಸಲಾಗದು.

ಆಟಗಳು ಬರಹಕ್ಕಿಳಿದ ದೊಡ್ಡ ಉದಾಹರಣೆ ಮೈಸೂರಿನದು. ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಸ್ವತಃ ಹೊಸ ಆಟಗಳನ್ನು ರೂಪಿಸಿದವರು. ಅವರ ‘ಶ್ರೀತತ್ತ್ವನಿಧಿ’ಯ ಕೊನೆಯ ಭಾಗವಾದ ಕೌತುಕನಿಧಿಯಲ್ಲಿ ಆಟಗಳಿಗೆ ಜಾಗ ಸಿಕ್ಕಿದೆ. ಅರಮನೆಗೆ ಲೇಖನಿಯಿತ್ತು. ಜಗಲಿಯ ಆಟಕ್ಕೆ ಅಜ್ಜಿಯ ನೆನಪೇ ದಫ್ತರ. ಈಚೆಗೆ ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ‘ಕ್ರೀಡಾ ಕೌಶಲ್ಯ’ ಪ್ರದರ್ಶನಗಳ ಮೂಲಕ ಇಂಥ ಪಟಗಳನ್ನು ಮತ್ತೆ ಮನೆಗಳಿಗೆ ತಂದಿದೆ.

ಬಟ್ಟೆಯ ಪಟದೊಂದಿಗೆ ನಿಯಮದ ಚೀಟಿಯೂ ಬರುತ್ತದೆ. ಮಂಡ್ಯ, ತುಮಕೂರು, ಹಾಸನದ ಕಡೆಯಿಂದ ಬಂದು ಬೆಂಗಳೂರಿನ ವಿಜಯನಗರ, ಬಸವೇಶ್ವರನಗರ, ಕೆಂಗೇರಿಯಲ್ಲಿ ನೆಲೆಸಿದ ಮನೆಗಳಲ್ಲಿ ಮೊಮ್ಮಕ್ಕಳು ಆ ಚೀಟಿಯನ್ನೇ ಪ್ರಮಾಣವೆಂದು ನಂಬಿದರೆ ಊರಿನ ಪದ್ಧತಿ ಒಂದು ತಲೆಮಾರಿನಲ್ಲಿ ಕರಗೀತು. ಸಂಶೋಧಕರಿಗೆ ಈ ಬಡಾವಣೆಗಳು ಹಂಪಿಯಷ್ಟೇ ಮುಖ್ಯ ಕ್ಷೇತ್ರ: ಹುಲಿ ಯಾವಾಗ ಇಳಿಯುತ್ತದೆ, ಯಾವಾಗಿಂದ ತಿನ್ನಬಹುದು, ಎಷ್ಟು ತಿಂದರೆ ಗೆಲುವು ಎಂಬ ಮೂರು ಪ್ರಶ್ನೆಗಳಿಗೆ ಹಿರಿಯರ ಉತ್ತರವನ್ನು ಊರಿನ ಹೆಸರಿನೊಂದಿಗೆ ಬರೆದಿಟ್ಟರೆ ನಿಯಮಗಳ ನಕ್ಷೆಯೊಂದು ಸಿದ್ಧವಾಗುತ್ತದೆ.