ಕೊರೆಯುವವರಿದ್ದಾರೆ, ಮುಚ್ಚುವವರು ಯಾರು?

ನಮ್ಮ ಮಿಜಾರಿನ ಕಡೆ ಬೋರ್ ತೆಗೆಸುವುದೆಂದರೆ ಸಣ್ಣ ಸಂಗತಿಯಲ್ಲ. ನೀರು ನೋಡುವವರನ್ನು ಕರೆಸಬೇಕು, ದಿನ ನೋಡಬೇಕು, ತೆಂಗಿನಕಾಯಿ ಒಡೆಯಬೇಕು. ಇಷ್ಟಾಗಿಯೂ ನೀರು ಸಿಗಲಿಲ್ಲವೋ, ಲಾರಿ ಹೊರಟುಹೋಗುತ್ತದೆ, ತೂತು ಉಳಿಯುತ್ತದೆ. ಆ ತೂತಿಗೂ ಒಂದು ಚರಿತ್ರೆ ಇದೆ ಮಾರಾಯ್ರೆ.

ಅಜ್ಜನ ಕಾಲದ ಬಾವಿ ಅಗಲವಾದದ್ದು. ಮುರಕಲ್ಲು ಕಡಿದು ಇಳಿಸಿ, ಸುತ್ತ ಕಟ್ಟೆ ಕಟ್ಟಿದ್ದು. ದೂರದಿಂದಲೇ ಕಾಣುತ್ತಿತ್ತು. 1966-67ರ ಬಿಹಾರದ ಬರಗಾಲದ ಹೊತ್ತಿಗೆ, 1967ರಲ್ಲಿ, ಯುನಿಸೆಫ್ ಸಂಸ್ಥೆ ಗಟ್ಟಿ ಬಂಡೆ ಕೊರೆಯುವ ಯಂತ್ರಗಳನ್ನು ಭಾರತಕ್ಕೆ ತರಿಸಿತು. ಕುಡಿಯುವ ನೀರಿಗೆಂದು ಬಂದ ಈ ವಿದ್ಯೆ ಆಮೇಲೆ ತೋಟ, ಗದ್ದೆಗಳಿಗೂ ಇಳಿಯಿತು. ಕಟ್ಟೆಯ ಅಭ್ಯಾಸ ಮಾತ್ರ ಜೊತೆಗೆ ಬರಲಿಲ್ಲ.

ಅಪಾಯ ಹುಟ್ಟುವುದು ಕೇಸಿಂಗ್ ಪೈಪಿನ ಹತ್ತಿರ. ಮೇಲಿನ ಮಣ್ಣು ಕುಸಿಯದಿರಲೆಂದು ಬಂಡೆ ಸಿಗುವವರೆಗೆ ಪೈಪು ಇಳಿಸುತ್ತಾರೆ. ನೀರಿಲ್ಲ ಅಂತಾದರೆ, ಪೈಪಿನ ದುಡ್ಡಾದರೂ ಉಳಿಯಲಿ ಎಂದು ಕಿತ್ತು ತೆಗೆಯುವುದುಂಟು. ಆಗ ಬಾಯಿ ಇನ್ನಷ್ಟು ಅಗಲವಾಗುತ್ತದೆ. ಮೇಲೊಂದು ಗೋಣಿಚೀಲ, ಅದರ ಮೇಲೊಂದು ಕಲ್ಲು. ಮುಗಿಯಿತು!

2006ರ ಜುಲೈಯಲ್ಲಿ ಹರಿಯಾಣದ ಕುರುಕ್ಷೇತ್ರ ಜಿಲ್ಲೆಯ ಹಳ್ಳಿಯೊಂದರ ಪುಟ್ಟ ಹುಡುಗ ಇಂಥ ತೂತಿಗೆ ಬಿದ್ದು, ಎರಡು ದಿನದ ಮೇಲೆ ಜೀವಂತ ಬಂದಾಗ ದೇಶವೆಲ್ಲ ಟಿವಿ ಮುಂದೆ ಕೂತಿತ್ತು. ಸುಪ್ರೀಂ ಕೋರ್ಟು 2010ರ ಫೆಬ್ರವರಿ 11ರಂದು ನಿಯಮ ಕೊಟ್ಟಿತು: ಕೊರೆಯುವ 15 ದಿನ ಮೊದಲು ತಿಳಿಸಬೇಕು, ಬೇಲಿ ಹಾಕಬೇಕು, ಬಾಯಿಗೆ ಉಕ್ಕಿನ ಮುಚ್ಚಳ ಇರಬೇಕು, ಬಿಟ್ಟ ಬಾವಿಯನ್ನು ತಳದಿಂದ ನೆಲಮಟ್ಟದವರೆಗೆ ಮಣ್ಣು, ಮರಳು, ಕಲ್ಲು ತುಂಬಿ ಮುಚ್ಚಬೇಕು. ಆದರೂ 2014ರಲ್ಲಿ ಬಾಗಲಕೋಟೆ ಜಿಲ್ಲೆಯ ಸೂಳಿಕೇರಿ, 2017ರಲ್ಲಿ ಅಥಣಿ ಕಡೆಯ ಝುಂಜರವಾಡ... ಎರಡೂ ಕಡೆ ಮಗು ಉಳಿಯಲಿಲ್ಲ. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲೂಕಿನ ಲಚ್ಯಾಣದಲ್ಲಿ ಮಾತ್ರ ಪುಟ್ಟ ಮಗುವೊಂದನ್ನು ಜೀವಂತ ಮೇಲೆತ್ತಿದರು.

ಬಾವಿ ಮುಚ್ಚುವುದನ್ನೇ ಒಂದು ದೊಡ್ಡ ಕೆಲಸವಾಗಿ ಕಲಿತವರು ಯಾರೆಂದು ಹುಡುಕಿದರೆ ಸಿಗುವುದು ಸಮುದ್ರದ ಎಣ್ಣೆಬಾವಿಗಳವರು. ಅಲ್ಲಿ ಒಳಗಿನ ಒತ್ತಡ ಮೇಲಕ್ಕೆ ನುಗ್ಗುತ್ತದೆ. ಹಾಗಾಗಿ ಹಂತಹಂತವಾಗಿ ಸಿಮೆಂಟಿನ ಬಿರಡೆ ಹಾಕಿ, ಒತ್ತಡ ಕೊಟ್ಟು ಪರೀಕ್ಷಿಸಿ, ಆಮೇಲೆ ಮೇಲಿನ ಪೈಪು ಕತ್ತರಿಸುತ್ತಾರೆ. ಎಡವಿದರೆ ಏನಾಗುತ್ತದೆ ಅನ್ನುವುದಕ್ಕೆ 2010ರ ಏಪ್ರಿಲ್ 20 ಸಾಕ್ಷಿ. ಮೆಕ್ಸಿಕೋ ಕೊಲ್ಲಿಯ ಮಕೊಂಡೊ ಬಾವಿಯನ್ನು ತಾತ್ಕಾಲಿಕವಾಗಿ ಮುಚ್ಚುವ ಕೆಲಸ ನಡೆಯುತ್ತಿತ್ತು. ತಳದ ಸಿಮೆಂಟು ಅನಿಲವನ್ನು ತಡೆಯಲಿಲ್ಲ. 11 ಮಂದಿ ಸತ್ತರು, 87 ದಿನ ಎಣ್ಣೆ ಸುರಿಯಿತು.

ನಮಗೆ ಬೇಕಾದ ಪಾಠ ಸಿಮೆಂಟಿನದ್ದಲ್ಲ, ದುಡ್ಡಿನದ್ದು. ಭಾರತದಲ್ಲಿ 1999ರಿಂದ ಎಣ್ಣೆ ಕಂಪನಿಗಳಿಗೆ ‘ಸೈಟ್ ರೆಸ್ಟೊರೇಶನ್ ಫಂಡ್’ ಯೋಜನೆ ಇದೆ. ಬಾವಿ ಸಂಪಾದಿಸುತ್ತಿರುವಾಗಲೇ ಅದರ ಉತ್ತರಕ್ರಿಯೆಗೆ ಹಣ ತೆಗೆದಿಡುವ ಏರ್ಪಾಡು. ನಮ್ಮ ಬೋರಿಗೆ ಅಂಥದ್ದಿಲ್ಲ. ನೀರು ಸಿಗದೆ ಸಾಲ ಮಾತ್ರ ಉಳಿದ ದಿನವೇ ರೈತ ಮುಚ್ಚುವ ಖರ್ಚನ್ನೂ ಹುಡುಕಬೇಕು. ಜೈಲು, ದಂಡ ಅಂತ ಹೆದರಿಸಿದರೆ ಆ ಕೈಗೆ ದುಡ್ಡು ಬರುತ್ತದೆಯೇ?

ಬೋರ್ ಲಾರಿಯವರ ಬಿಲ್ಲಿನಲ್ಲೇ ಮುಚ್ಚುವ ಖರ್ಚೂ ಸೇರಲಿ. ನೀರು ಸಿಗದಿದ್ದರೆ ತೂತು ತುಂಬಿಸದೆ ಲಾರಿ ಕದಲಬಾರದು. ನಾನು ಹೇಳುವುದು ಇಷ್ಟೇ. ನಿಮ್ಮೂರಿನ ಬತ್ತಿದ ಬೋರುಗಳ ಬಾಯಿ ಈಗ ಹೇಗಿದೆ, ಒಮ್ಮೆ ನೋಡಿ ಬನ್ನಿ.